ಕೊಟ್ಟಿಗೆಯೋ, ಮೊದಲ ಮಳೆಯೋ?

ರಾಣೆಬೆನ್ನೂರು ಮತ್ತು ಬ್ಯಾಡಗಿಗಳ ನಡುವೆ ರೈಲು ದೇವರಗುಡ್ಡ ಎಂಬ ಸಣ್ಣ ನಿಲ್ದಾಣವನ್ನು ಹಾಯುತ್ತದೆ. ಗುಡ್ಡದ ಮೇಲೆ ಮಾಲತೇಶನ ಗುಡಿ. ನವರಾತ್ರಿಯ ಕೊನೆಗೆ ಇಲ್ಲಿ ನಡೆಯುವ ಕಾರಣಿಕವನ್ನು ಕೇಳಲು ಸುತ್ತಲಿನ ಜಿಲ್ಲೆಗಳ ಜನ ಬಂಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಬರುತ್ತಾರೆ. ಕರಿ ಕಂಬಳಿ ಹೊದ್ದ, ಹಣೆಗೆ ಭಂಡಾರ ಬಳಿದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ನಿಲ್ಲುತ್ತಾನೆ. ನೆರೆದ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಒಂದು ಮಾತನ್ನು ನುಡಿದು ಕೆಳಗೆ ಬೀಳುತ್ತಾನೆ. ಆಮೇಲೆ ಶುರುವಾಗುವುದು ನಿಜವಾದ ಕೆಲಸ. ರೈತ ಅದರಲ್ಲಿ ಮಳೆಯನ್ನು ಕಾಣುತ್ತಾನೆ, ವ್ಯಾಪಾರಿ ಧಾರಣೆಯನ್ನು ಕಾಣುತ್ತಾನೆ, ರಾಜಕಾರಣಿ ಕುರ್ಚಿಯನ್ನು ಕಾಣುತ್ತಾನೆ. ಮಾತು ಒಂದೇ, ಅರ್ಥ ಕೇಳಿದವರಷ್ಟು.

ಹೀಗೊಂದು ಕಾರಣಿಕ ಮುಗಿದ ಕೆಲವು ದಿನಗಳಿಗೆ ಬ್ಯಾಡಗಿಯ ನೆಂಟರ ಮನೆಯೊಂದರಲ್ಲಿ ಒಂದು ಬಾಟಲಿ ತೆರೆಯಿತು. ಫ್ರಾನ್ಸಿನಲ್ಲಿ ಕೆಲಸಕ್ಕಿರುವ ಹುಡುಗ ತಂದದ್ದು. ಅಲ್ಲಿನ ದಕ್ಷಿಣ ಭಾಗದ ಗ್ರೆನಾಷ್ ಎಂಬ ದ್ರಾಕ್ಷಿಯಿಂದ ಮಾಡಿದ, ಇಪ್ಪತ್ತು ವರ್ಷ ದಾಟಿದ ಕೆಂಪು ವೈನು. ಲೋಟಕ್ಕೆ ಬಗ್ಗಿಸಿದಾಗ ಅದು ಕೆಂಪಾಗಿರಲಿಲ್ಲ. ಹಳೆಯ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಮೆಣಸಿನಕಾಯಿ ವ್ಯಾಪಾರಿಯಾದ ಮನೆಯ ಯಜಮಾನರು ಮೂಗಿನ ಹತ್ತಿರ ಹಿಡಿದು "ಕೆಟ್ಟದ" ಎಂದು ಕೆಳಗಿಟ್ಟರು. ನಿವೃತ್ತ ಮೇಷ್ಟ್ರೊಬ್ಬರು ಮತ್ತೆ ಮತ್ತೆ ಮೂಸಿ, ಎರೆಹೊಲಕ್ಕೆ ಮೊದಲ ಮಳೆ ಬಿದ್ದಂತಿದೆ ಎಂದರು. ಕುಡಿಯುವುದಿರಲಿ, ಮುಟ್ಟುವುದೂ ಇಲ್ಲದ ಅಜ್ಜಿ ದೂರದಿಂದಲೇ ಮೂಸಿ, ಇದು ಎತ್ತಿನ ಕೊಟ್ಟಿಗೆ ಎಂದು ತೀರ್ಪು ಕೊಟ್ಟರು. ಹುಡುಗನ ಮುಖ ಸಪ್ಪಗಾಯಿತು. ಆದರೆ ಈ ಜಗಳ ಬ್ಯಾಡಗಿಯಲ್ಲಿ ಹುಟ್ಟಿದ್ದಲ್ಲ. ಇಂಥ ಮದ್ಯದ ಬಗ್ಗೆ ಜಗತ್ತಿನ ಪರಿಣತರೇ ಎರಡು ಪಂಗಡವಾಗಿದ್ದಾರೆ. ಮೂವರ ಮಾತಿಗೂ ಒಂದೊಂದು ಆಧಾರವಿದೆ.

ಮೊದಲು ಈ ದ್ರಾಕ್ಷಿಯ ಸ್ವಭಾವ ನೋಡೋಣ. ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚುಗಾರಿಕೆ ಎಲ್ಲರಿಗೂ ಗೊತ್ತು: ಬಣ್ಣ ಬಹಳ, ಖಾರ ಕಡಿಮೆ. ಗ್ರೆನಾಷ್ ಇದಕ್ಕೆ ತದ್ವಿರುದ್ಧ. ಇದರ ಸಿಪ್ಪೆ ತೆಳು, ಆದ್ದರಿಂದ ಬಣ್ಣ ಕಡಿಮೆ. ಆದರೆ ಬಿಸಿಲಿಗೆ ಚೆನ್ನಾಗಿ ಮಾಗಿ ಸಕ್ಕರೆ ತುಂಬಿಕೊಳ್ಳುವುದರಿಂದ, ಹುದುಗಿದಾಗ ಮದ್ಯಸಾರ ಹೆಚ್ಚು. ಗಂಟಲಿಗೆ ಬಿಸಿ ಮುಟ್ಟುತ್ತದೆ. ವೈನಿನ ಮತ್ತೊಂದು ಮುಖ್ಯ ಗುಣಕ್ಕೆ ಇಂಗ್ಲಿಷರು ಟ್ಯಾನಿನ್ ಎಂಬ ರಸಾಯನದ ಹೆಸರನ್ನು ಹೇಳುತ್ತಾರೆ. ಕನ್ನಡದಲ್ಲಿ ಅದಕ್ಕೆ ಮನೆಮಾತೇ ಇದೆ: ಒಗರು. ಆರು ರುಚಿಗಳ ಪಟ್ಟಿಯಲ್ಲಿ ಒಗರಿಗೆ ಜಾಗ ಕೊಟ್ಟವರು ನಾವು. ಎಳೆ ಬಾಳೆಕಾಯಿ, ಅಡಿಕೆ, ನೇರಳೆಹಣ್ಣು ತಿಂದವರಿಗೆ ವಿವರಣೆ ಬೇಕಿಲ್ಲ. ವರ್ಷ ಕಳೆದಂತೆ ಈ ಒಗರಿನ ಕಣಗಳು ಒಂದಕ್ಕೊಂದು ಅಂಟಿ ಗಷ್ಟಾಗಿ ತಳಕ್ಕಿಳಿಯುತ್ತವೆ, ಬಾಯಿಗೆ ಮೆದುವಾಗುತ್ತದೆ. ಗ್ರೆನಾಷ್‌ನಲ್ಲಿ ಒಗರು ಮೊದಲೇ ಕಡಿಮೆ. ಗಾಳಿಗೆ ಬೇಗ ಸೋಲುವ ಜಾತಿ ಅದು. ಹಾಗಾಗಿ ಇತರ ಮದ್ಯಗಳಿಗಿಂತ ಬೇಗನೆ ಹೆಂಚಿನ ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ಪರಿಮಳ ಹಿಂದೆ ಸರಿದು ಒಣ ಎಲೆ, ಚರ್ಮ, ಅಣಬೆ, ಮಣ್ಣು ಇವುಗಳ ನೆನಪು ಮುಂದೆ ಬರುತ್ತದೆ.

ಈ ಬಳ್ಳಿಯ ತವರು ಸ್ಪೇನಿನ ಅರಗಾನ್ ಪ್ರಾಂತವೆಂದು ಹೆಚ್ಚಿನವರ ಅಭಿಪ್ರಾಯ; ಅಲ್ಲಿ ಇದು ಗರ್ನಾಚಾ. ಸಾರ್ಡಿನಿಯಾ ದ್ವೀಪದವರು ಇದನ್ನು ಕನ್ನೊನೌ ಎಂದು ಕರೆದು, ಮೂಲ ತಮ್ಮದೇ ಎಂದು ವಾದಿಸುತ್ತಾರೆ. 14ನೆಯ ಶತಮಾನದಿಂದ ಆ ದ್ವೀಪ ಅರಗಾನಿನ ಅರಸರ ಅಧೀನದಲ್ಲಿತ್ತು. ರಾಜ್ಯ ಹೋದ ದಾರಿಯಲ್ಲೇ ಬಳ್ಳಿಯೂ ಹೋದಂತಿದೆ. ಫ್ರಾನ್ಸಿನಲ್ಲಿ ಇದು ನೆಲೆಯೂರಿದ ಪ್ರಸಿದ್ಧ ಊರು ರೋನ್ ನದಿಯ ಕಣಿವೆಯ ಶಾತೋನೆಫ್ ದ್ಯು ಪಾಪ್. ಅಂದರೆ ಪೋಪನ ಹೊಸಕೋಟೆ. 1309ರಲ್ಲಿ ಪೋಪ್ ಐದನೆಯ ಕ್ಲೆಮೆಂಟ್ ರೋಮಿಗೆ ಹೋಗದೆ ಆವಿನ್ಯೋಂ ನಗರದಲ್ಲಿ ಬಿಡಾರ ಹೂಡಿದ. 1377ರವರೆಗೆ ಪೋಪರ ಗದ್ದುಗೆ ಅಲ್ಲೇ ಇತ್ತು. ಸಮೀಪದ ಈ ಊರಿನ ಕೋಟೆಯನ್ನು ಕಟ್ಟಿಸಿದವನು ಅವನ ನಂತರ ಬಂದ ಇಪ್ಪತ್ತೆರಡನೆಯ ಜಾನ್.

1860ರ ದಶಕದಲ್ಲಿ ಈ ಕಣಿವೆಗೆ ದೊಡ್ಡ ಆಪತ್ತು ಬಂತು. ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. 1868ರಲ್ಲಿ ಮೋಂಪೆಲಿಯೆಯ ಸಸ್ಯವಿಜ್ಞಾನಿ ಪ್ಲಾಂಶೋನ್ ಮತ್ತು ಸಂಗಡಿಗರು ಬೇರನ್ನು ಅಗೆದು ನೋಡಿದಾಗ, ಕಣ್ಣಿಗೆ ಕಷ್ಟದಿಂದ ಕಾಣುವ ಹಳದಿ ಹೇನು ಬೇರಿನ ರಸ ಹೀರುತ್ತಿತ್ತು. ಫಿಲೊಕ್ಸೆರಾ ಎಂಬ ಈ ಕೀಟ ಅಮೆರಿಕದಿಂದ ತರಿಸಿದ ಬಳ್ಳಿಗಳ ಜೊತೆ ಬಂದಿತ್ತು. ಔಷಧವೂ ಅಲ್ಲಿಂದಲೇ ಬರಬೇಕಾಯಿತು. ಈ ಹೇನಿನ ಸಹವಾಸಕ್ಕೆ ಒಗ್ಗಿದ ಅಮೆರಿಕದ ಕಾಡುಬಳ್ಳಿಯ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟಿದರು. ಇಂದಿಗೂ ಯುರೋಪಿನ ಹೆಚ್ಚಿನ ದ್ರಾಕ್ಷಿ ತೋಟಗಳು ನಿಂತಿರುವುದು ಅಮೆರಿಕದ ಬೇರಿನ ಮೇಲೆ. ಹೊಸದಾಗಿ ನೆಟ್ಟ ರೋನ್ ತೋಟಗಳಲ್ಲಿ ಗ್ರೆನಾಷ್ ಮೇಲುಗೈ ಪಡೆಯಿತು.

ಆದರೂ ಅದಕ್ಕೆ ಮರ್ಯಾದೆ ಇರಲಿಲ್ಲ. ಉತ್ತರದ ಬರ್ಗಂಡಿಯ ತೆಳು ಮದ್ಯಕ್ಕೆ ಕಸುವು ತುಂಬಲು ಇದನ್ನು ಬೆರೆಸುತ್ತಿದ್ದರು. ಊರಿನ ಹೆಸರಿನಲ್ಲಿ ನಕಲಿ ಮಾಲೂ ಮಾರಾಟವಾಗುತ್ತಿತ್ತು. ಇದನ್ನು ತಡೆಯಲು ವಕೀಲಿ ಓದಿದ ತೋಟಗಾರ ಬ್ಯಾರನ್ ಲ ರ್ವಾ 1923ರಲ್ಲಿ ಊರವರನ್ನು ಸೇರಿಸಿ ಕಟ್ಟುಪಾಡುಗಳನ್ನು ರೂಪಿಸಿದ. ಯಾವ ನೆಲದ ದ್ರಾಕ್ಷಿಗೆ ಊರಿನ ಹೆಸರು ಸಲ್ಲುತ್ತದೆ? ಥೈಮ್ ಮತ್ತು ಲ್ಯಾವೆಂಡರ್ ಗಿಡಗಳು ಬೆಳೆಯುವಷ್ಟು ಬಡವಾದ, ಒಣ ನೆಲಕ್ಕೆ ಮಾತ್ರ. ಮದ್ಯಸಾರ ಎಷ್ಟಿರಬೇಕು? ಕನಿಷ್ಠ 12.5 ಶೇಕಡ. 1936ರಲ್ಲಿ ಸರ್ಕಾರವೇ ಈ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ದೊರೆತ ಭೌಗೋಳಿಕ ಸೂಚಿಯ ಮಾನ್ಯತೆ ಇದೇ ವಿಚಾರದ ಮೊಮ್ಮಗು.

ಇನ್ನು ಅಜ್ಜಿಯ ಕೊಟ್ಟಿಗೆಗೆ ಬರೋಣ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ವಿಜ್ಞಾನಿ ಕ್ಲಾಸೆನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹಳೆಯ ಇಂಗ್ಲಿಷ್ ಬಿಯರಿಗೆ ಅದರ ವಿಶಿಷ್ಟ ವಾಸನೆ ಕೊಡುವ ಒಂದು ಬಗೆಯ ಹುದುಗನ್ನು ಬೇರ್ಪಡಿಸಿದ. ಅದಕ್ಕೆ ಬ್ರೆಟನೊಮೈಸಿಸ್, ಅಂದರೆ ಬ್ರಿಟನ್ನಿನ ಬೂಷ್ಟು ಎಂದು ಹೆಸರಾಯಿತು. ಇದು ಮರದ ಪೀಪಾಯಿಗಳ ಸಂದಿಗಳಲ್ಲಿ ಅಡಗಿದ್ದು, ದ್ರಾಕ್ಷಿಯಲ್ಲಿ ಸಹಜವಾಗಿರುವ ಆಮ್ಲಗಳನ್ನು ಎಥೈಲ್ ಫಿನಾಲ್ ಎಂಬ ದ್ರವ್ಯಗಳಾಗಿ ಬದಲಿಸುತ್ತದೆ. ಅವುಗಳಲ್ಲಿ ಒಂದಕ್ಕೆ ಕುದುರೆಯ ಜೀನು ಮತ್ತು ಲಾಯದ ವಾಸನೆ, ಇನ್ನೊಂದಕ್ಕೆ ಲವಂಗ ಮತ್ತು ಹೊಗೆಯ ವಾಸನೆ. ಕೆಂಪು ವೈನಿನ ಈ ವಾಸನೆಗೆ ಇದೇ ಹುದುಗು ಕಾರಣವೆಂದು ಫ್ರೆಂಚ್ ಸಂಶೋಧಕರು 1992ರಲ್ಲಿ ಸ್ಪಷ್ಟಪಡಿಸಿದರು. ಅಲ್ಲಿಯವರೆಗೆ ಇದನ್ನು ನೆಲದ ಗುಣವೆಂದೇ ಹೊಗಳಿದವರು ಬಹಳ. ಈಗ ಒಂದು ಪಂಗಡ, ಇದು ಪೀಪಾಯಿ ತೊಳೆಯದವರ ಕೊಳಕು ಎನ್ನುತ್ತದೆ. ಇನ್ನೊಂದು ಪಂಗಡ, ಅಳತೆ ಮೀರದಿದ್ದರೆ ಅದೂ ಒಂದು ಒಗ್ಗರಣೆ ಎನ್ನುತ್ತದೆ.

ಮೇಷ್ಟ್ರ ಮಳೆಯ ಕಥೆ ಬೇರೆ. ಒಣ ನೆಲಕ್ಕೆ ಮಳೆ ಬಿದ್ದಾಗ ಏಳುವ ಕಂಪಿನ ಮುಖ್ಯ ಭಾಗ ಜಿಯೋಸ್ಮಿನ್ ಎಂಬ ದ್ರವ್ಯ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. 1965ರಲ್ಲಿ ಅದಕ್ಕೆ ಈ ಹೆಸರು ಬಂತು. ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ಶತಕೋಟಿಯ ಕೆಲವೇ ಭಾಗ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಬೀಟ್‌ರೂಟಿನ ಮಣ್ಣುವಾಸನೆಯೂ ಇದರದ್ದೇ. ವಿಚಿತ್ರವೆಂದರೆ ಹೊಲದಲ್ಲಿ ನಾವು ಕಣ್ಣು ಮುಚ್ಚಿ ಸವಿಯುವ ಇದೇ ದ್ರವ್ಯ ಕುಡಿಯುವ ನೀರಿನಲ್ಲಿ ಬಂದರೆ ದೂರು ಕೊಡುತ್ತೇವೆ. ಕೊಳೆತ ದ್ರಾಕ್ಷಿಯಿಂದ ವೈನಿಗೆ ಇಳಿದರೆ ದೋಷವೆನ್ನುತ್ತಾರೆ. ಮೇಷ್ಟ್ರು ಮೂಸಿದ್ದು ಇದನ್ನೋ ಅಥವಾ ಬರಿಯ ವಯಸ್ಸಿನ ಒಣ ಎಲೆಯ ಕಂಪನ್ನೋ, ಪ್ರಯೋಗಾಲಯವಿಲ್ಲದೆ ಹೇಳಲಾಗದು. ಅಂತೂ ದ್ರವ್ಯದಲ್ಲಿ ಒಳ್ಳೆಯದು ಕೆಟ್ಟದು ಎಂಬುದಿಲ್ಲ. ಅದನ್ನು ಎಲ್ಲಿ, ಎಷ್ಟು, ಯಾರು ಮೂಸಿದರು ಎಂಬುದರ ಮೇಲೆ ತೀರ್ಪು ನಿಂತಿದೆ.

ಇದೆಲ್ಲ ಪರದೇಶದ ಶೋಕಿ, ನಮಗೇಕೆ ಎಂದು ಓದುಗರು ಕೇಳಬಹುದು. ಪಾನದ ವರ್ಣನೆ ಕನ್ನಡಕ್ಕೆ ಹೊಸದಲ್ಲ. ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳಲ್ಲಿ ಮಧುಪಾನವೂ ಒಂದೆಂದು ಲಾಕ್ಷಣಿಕರು ಎಣಿಸಿದ್ದರು. ಪಂಪ 941ರ 'ವಿಕ್ರಮಾರ್ಜುನ ವಿಜಯ'ದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ತಂದಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಅರಸನ ಕ್ರೀಡೆಗಳ ಸಾಲಿನಲ್ಲಿ ಮದಿರಾಪಾನವೂ ಇದೆ. ಅದೇ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿದ್ದ. ಆದರೆ ಇದೇ ನೆಲಕ್ಕೆ ಇನ್ನೊಂದು ಚರಿತ್ರೆಯೂ ಇದೆ. 1921ರ ಜುಲೈ 1ರಂದು ಧಾರವಾಡದಲ್ಲಿ ಹೆಂಡದಂಗಡಿಯ ಪಿಕೆಟಿಂಗ್ ಸಂದರ್ಭದಲ್ಲಿ ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ದೇವರಗುಡ್ಡಕ್ಕೆ ದೂರವಲ್ಲದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು. 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ 1949ರ ಪಾನನಿಷೇಧ ಕಾಯ್ದೆಯೂ ಜಾರಿಗೆ ಬಂತು. ಕುಡಿತದಿಂದ ಮನೆ ಮುರಿದದ್ದನ್ನು ಕಂಡವರ ಸಿಟ್ಟು ಅದರ ಹಿಂದಿತ್ತು. ಆ ಸಿಟ್ಟು ಇಂದಿಗೂ ನ್ಯಾಯವಾದದ್ದೇ. ಅಜ್ಜಿ ದೂರ ಕೂತದ್ದಕ್ಕೂ ಕಾರಣವಿದೆ.

ಆದರೆ ರುಚಿಯ ತೀರ್ಪು ಕುಡಿಯುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ, ಬೆಳೆಯುವವರಿಗೂ ಸಂಬಂಧಿಸಿದ್ದು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನೇ ನೋಡಿ. ಇದು ಅಮೆರಿಕದ ಇಸಾಬೆಲ್ಲಾ ಜಾತಿಯ ಬಳಗದ್ದು. ಇದರ ಗಾಢ ಪರಿಮಳಕ್ಕೆ ಮೀಥೈಲ್ ಆಂಥ್ರನಿಲೇಟ್ ಕಾರಣ. ನಮಗೆ ದ್ರಾಕ್ಷಿಯ ವಾಸನೆಯೆಂದರೆ ಅದೇ. ಜ್ಯೂಸಿನಲ್ಲಿ, ಪೆಪ್ಪರಮಿಂಟಿನಲ್ಲಿ ಅದನ್ನೇ ಹುಡುಕುತ್ತೇವೆ. ಪಾಶ್ಚಾತ್ಯ ಪರಿಣತರು ಮಾತ್ರ ಇದನ್ನು ನರಿವಾಸನೆ ಎಂದು ಜರೆಯುತ್ತಾರೆ. ಫ್ರಾನ್ಸ್ 1934ರ ಕೊನೆಗೆ ಮಾಡಿದ ಕಾನೂನಿನಲ್ಲಿ ಇಸಾಬೆಲ್ಲಾ ಸೇರಿ ಆರು ಬಗೆಯ ಇಂಥ ದ್ರಾಕ್ಷಿಗಳನ್ನು ನಿಷೇಧಿಸಿತು. ಅಮೆರಿಕದ ಬೇರನ್ನು ನೆಲದೊಳಗೆ ಇಟ್ಟುಕೊಂಡು ತೋಟ ಉಳಿಸಿಕೊಂಡವರು, ಅದೇ ಬಳಗದ ಹಣ್ಣನ್ನು ಹೊರಗಟ್ಟಿದರು. ಆ ನೆಂಟಸ್ತಿಕೆಯ ಹಣ್ಣು ಭಾರತದಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿದೆ.

ಕರ್ನಾಟಕ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದಿತು. ನಂದಿಬೆಟ್ಟದ ತಪ್ಪಲಲ್ಲಿ ಅದಕ್ಕೂ ಮೊದಲೇ, 1990ರ ದಶಕದಿಂದ, ಫ್ರೆಂಚ್ ಜಾತಿಯ ದ್ರಾಕ್ಷಿಯ ವೈನ್ ತಯಾರಾಗುತ್ತಿತ್ತು. ಹೊರಗಿನ ಮೂಗಿಗೆ ಒಪ್ಪುವ ಜಾತಿಯನ್ನೇ ಬೆಳೆಯಬೇಕೋ, ನೀಲಿ ದ್ರಾಕ್ಷಿಗೂ ಮರ್ಯಾದೆಯ ಜಾಗ ಕೊಡಬೇಕೋ ಎಂಬುದು ಆ ಭಾಗದ ರೈತನ ಹೊಟ್ಟೆಯ ಪ್ರಶ್ನೆ. ಮೆಣಸಿನಕಾಯಿಯೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಅಮೆರಿಕದ ಕೂಸೇ. ಖಾರವನ್ನೇ ಅಳತೆಗೋಲು ಮಾಡಿಕೊಂಡಿದ್ದರೆ ಬ್ಯಾಡಗಿಯ ಕಾಯಿಗೆ ಬೆಲೆ ಬರುತ್ತಿರಲಿಲ್ಲ. ಬಣ್ಣವೂ ಒಂದು ಗುಣ ಎಂದು ಈ ಊರು ತನ್ನ ಅಳತೆಯನ್ನು ತಾನೇ ಗೊತ್ತುಮಾಡಿಕೊಂಡಿತು. ಪೇಟೆ ಅದನ್ನು ಒಪ್ಪಿತು.

ಈ ಮಾತನ್ನು ಹೇಳಿದಾಗ ಮೆಣಸಿನಕಾಯಿ ವ್ಯಾಪಾರಿಗಳು ನಕ್ಕು, ಇನ್ನೊಮ್ಮೆ ಲೋಟ ಎತ್ತಿ ಮೂಸಿದರು. ದಾಸ್ತಾನಿನ ಹಳೆಯ ಕಾಯಿಯನ್ನು ಮುರಿದು ನೋಡುವಾಗ ಮಾಡುವ ಮುಖವನ್ನೇ ಮಾಡಿದರು. ವಾಸನೆಯ ಕೆಳಗೆ ಹಣ್ಣು ಇನ್ನೂ ಉಳಿದಿದೆಯೇ ಎಂಬುದನ್ನು ನೋಡಬೇಕು, ಉಳಿದಿದ್ದರೆ ಅದು ಹಳೆಯದು, ಉಳಿದಿಲ್ಲದಿದ್ದರೆ ಕೆಟ್ಟದ್ದು ಎಂದರು. ದೊಡ್ಡ ಪರಿಣತರೂ ಇದಕ್ಕಿಂತ ಹೆಚ್ಚಿನದನ್ನು ಹೇಳಿಲ್ಲ. ಉಳಿದಿದೆಯೇ ಎಂದು ಕೇಳಿದ್ದಕ್ಕೆ ಅವರು ಇಲ್ಲವೆಂದರು, ಮೇಷ್ಟ್ರು ಇದೆಯೆಂದರು. ಅರ್ಧ ಬಾಟಲಿ ಹಾಗೆಯೇ ಮಿಕ್ಕಿತು. ಹಳೆಯ ಗ್ರೆನಾಷ್ ಗಾಳಿ ತಾಕಿದ ಮೇಲೆ ಬಹಳ ದಿನ ನಿಲ್ಲುವುದಿಲ್ಲ. ನಾಲ್ಕನೆಯ ದಿನ ಮುಚ್ಚಳ ತೆಗೆದಾಗ ಹುಳಿಯೇರಿತ್ತು. ಆ ಒಂದು ವಿಷಯದಲ್ಲಿ ಮಾತ್ರ ಆ ಮನೆಯಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ.