ಮನೆಗಿಂತ ಮೊದಲು ಕೇರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮವರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಎರಡೂ ಕೈಯ ಹಣವನ್ನು ಕರಗಿಸುವ, ಮನುಷ್ಯನ ತಾಳ್ಮೆಯನ್ನು ಒರೆಗೆ ಹಚ್ಚುವ ಕೆಲಸಗಳೆಂಬುದು ಅದರ ತಾತ್ಪರ್ಯ. ಆದರೆ ಮದುವೆಗೆ ಮೊದಲು ಮನೆತನವನ್ನು ವಿಚಾರಿಸುವ ನಾವು, ಮನೆ ಕೊಳ್ಳುವ ಮೊದಲು ಕೇರಿಯನ್ನು ಅಷ್ಟೇ ಎಚ್ಚರದಿಂದ ವಿಚಾರಿಸುತ್ತೇವೆಯೆ? ಬಾಗಿಲು ಯಾವ ದಿಕ್ಕಿಗಿದೆ, ಅಡಿಗೆಮನೆ ಯಾವ ಮೂಲೆಯಲ್ಲಿದೆ ಎಂದು ನೋಡುತ್ತೇವೆ. ಮಳೆ ಬಂದಾಗ ನೀರು ಯಾವ ಕಡೆಗೆ ಹರಿಯುತ್ತದೆಂದು ಕೇಳುವವರು ವಿರಳ. ನಮ್ಮ ಪ್ರಾಚೀನ ಕವಿಗಳೂ ಇದಕ್ಕೆ ಹೊರತಲ್ಲ. ಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಕೋಟೆ, ಕಂದಕ, ಉಪ್ಪರಿಗೆ, ಅಂಗಡಿಬೀದಿಗಳನ್ನು ಮನದಣಿಯೆ ಬಣ್ಣಿಸಿದ ಕವಿ, ಆ ಪುರದ ಬಚ್ಚಲ ನೀರು ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ಹೇಳುವ ಗೋಜಿಗೆ ಹೋಗುವುದಿಲ್ಲ.

ಈ ಪ್ರಶ್ನೆಯನ್ನು ಒಂದು ನಗರದ ಜನ ಪ್ರಾಣಭಯದಿಂದಲೇ ಕೇಳಬೇಕಾಗಿ ಬಂದ ಕಾಲವೊಂದಿತ್ತು. ಅದು 1898ನೆಯ ಇಸವಿ. ಆ ನಗರ ಬೆಂಗಳೂರು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುವ ಬೆಂಗಳೂರು ಪೇಟೆಯಲ್ಲಿ ಮನೆಯ ನೆಲೆಯನ್ನು ಗೊತ್ತುಮಾಡುತ್ತಿದ್ದುದು ಬಹುಮಟ್ಟಿಗೆ ಕಸುಬು. ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕದ ಸುತ್ತಮುತ್ತ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆಗಳು ಬೆಳೆದವು. ಹೆಸರೇ ಕಸುಬನ್ನು ಸಾರುತ್ತದೆ. ಬೀದಿಯ ಕಡೆಗೆ ಅಂಗಡಿ ಅಥವಾ ಮಗ್ಗ, ಒಳಗಡೆ ಸಂಸಾರ. ದುಡಿಮೆಗೂ ಊಟಕ್ಕೂ ನಡುವೆ ಒಂದು ಹೊಸಲು ಮಾತ್ರ. ಗಿರಾಕಿ ಇರುವ ಕಡೆ, ಕುಲಬಾಂಧವರು ಇರುವ ಕಡೆ, ಕುಲದೇವತೆಯ ಗುಡಿ ಇರುವ ಕಡೆ ಮನೆ. ಇದರಲ್ಲಿ ದೊಡ್ಡ ಅನುಕೂಲವಿತ್ತು. ಆದರೆ ಕೋಟೆಯೊಳಗಿನ ನೆಲ ಬೆಳೆಯಲಿಲ್ಲ, ಜನ ಬೆಳೆದರು. ಮನೆಗೆ ಮನೆ ಅಂಟಿಕೊಂಡಿತು. ಹಿತ್ತಲಿದ್ದ ಕಡೆ ಇನ್ನೊಂದು ಮನೆ ಎದ್ದಿತು. ಗಾಳಿ ಬೆಳಕಿಗೆ ಎಡೆಯಿಲ್ಲದ ಕೋಣೆಗಳಲ್ಲಿ ಧಾನ್ಯದ ಮೂಟೆಯೂ ಮಕ್ಕಳ ತೊಟ್ಟಿಲೂ ಒಟ್ಟಿಗೆ ಇದ್ದವು.

ಇದನ್ನು ಸಂಸ್ಥಾನದ ಆಡಳಿತ ಅರಿಯದೆ ಇರಲಿಲ್ಲ. 1892ರಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆಯನ್ನು ನೇರವಾದ ರಸ್ತೆಗಳ ಬಡಾವಣೆಯಾಗಿ ಹಾಕಿದರು. ಅದೇ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿಯ ನೀರು ಊರಿಗೆ ಬಂದಿತು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಗೂ ಆಗಲೇ ಅಂಕುರವಾಗಿತ್ತು. ಆದರೆ ಯೋಜನೆಗೆ ತ್ವರೆ ಕೊಟ್ಟದ್ದು ಕಾಗದದ ವಿವೇಕವಲ್ಲ, ಪ್ಲೇಗು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಹಾಮಾರಿ ರೈಲಿನ ದಾರಿ ಹಿಡಿದು ಹುಬ್ಬಳ್ಳಿಯ ಕಡೆಯಿಂದ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಆಗ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳು, ದಿವಾನರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗು ಕಮಿಷನರಾಗಿ ವಿ. ಪಿ. ಮಾಧವರಾಯರು ನೇಮಕವಾದರು. ಮನೆಮನೆಯ ತಪಾಸಣೆ, ರೋಗಿಗಳನ್ನು ಬೇರೆಮಾಡುವುದು, ಮನೆಗಳಿಗೆ ಔಷಧ ಹೊಡೆಯುವುದು ನಡೆಯಿತು. ವಾಸಕ್ಕೆ ಯೋಗ್ಯವಲ್ಲವೆಂದು ಕಂಡ ಮನೆಗಳನ್ನು ಕೆಡವಿದರು. ಜನ ಗಂಟುಮೂಟೆ ಕಟ್ಟಿಕೊಂಡು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಿನ ಮಾರಮ್ಮನಿಗೆ ಗುಡಿಗಳು ಎದ್ದವು. ಜನಗಣತಿಯ ಅಂಕಿಗಳನ್ನು ನೋಡಿದರೆ ಆ ಭೀತಿಯ ಅಳತೆ ಸ್ವಲ್ಪ ತಿಳಿಯುತ್ತದೆ. 1891ರಲ್ಲಿ ನಗರ ಮತ್ತು ದಂಡು ಎರಡೂ ಸೇರಿ 1,80,366 ಜನರಿದ್ದ ಬೆಂಗಳೂರಿನಲ್ಲಿ 1901ರಲ್ಲಿ ಉಳಿದವರು 1,59,046. ಬೆಳೆಯುವ ಊರೊಂದು ಹತ್ತು ವರ್ಷಗಳಲ್ಲಿ ಇಪ್ಪತ್ತೊಂದು ಸಾವಿರ ಜನರಷ್ಟು ಕುಗ್ಗಿತು.

ಈ ಭಯದ ನಡುವೆ ಬಸವನಗುಡಿ, ಮಲ್ಲೇಶ್ವರಗಳು ಮೈದಳೆದವು. ಎರಡೂ ಪೇಟೆಯಿಂದ ದೂರ; ಎರಡೂ ಎತ್ತರದ ನೆಲ. ಬಸವನಗುಡಿ ದೊಡ್ಡ ಬಸವಣ್ಣನ ಗುಡಿಯ ಬಂಡೆಗಳ ಮಗ್ಗುಲಿನದು. ಮಲ್ಲೇಶ್ವರಕ್ಕೆ ಹೆಸರು ಕೊಟ್ಟ ಕಾಡುಮಲ್ಲೇಶ್ವರನ ಗುಡಿಯಲ್ಲಿ 1669ರ ಶಾಸನವಿದೆ. ಸಮೀಪದಲ್ಲಿಯೇ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ. ಅಗಲವಾದ ರಸ್ತೆ, ನೇರವಾದ ಅಡ್ಡರಸ್ತೆ, ಮನೆಯ ಸುತ್ತ ಬಿಟ್ಟ ಬಯಲು, ಸಾಲುಮರ, ಮನೆಗಳ ಹಿಂದೆ ಕಸ ಹೊಲಸುಗಳನ್ನು ಸಾಗಿಸಲು ಕಿರಿಯ ಗಲ್ಲಿ — ಇವು ಹೊಸ ಬಡಾವಣೆಗಳ ಲಕ್ಷಣ. ಬ್ರಿಟಿಷರ ಆಡಳಿತದಲ್ಲಿದ್ದ ದಂಡಿನ ಕಡೆಯೂ ಇದೇ ಪಾಠ ಕಲಿತರು. 1910ರಲ್ಲಿ ಬಳಕೆಗೆ ತೆರೆದ ಫ್ರೇಜರ್ ಟೌನಿನ ಮನೆಗಳನ್ನು ಇಲಿ ನುಸುಳದಂತೆ ಕಟ್ಟಿಸಬೇಕೆಂಬ ಉದ್ದೇಶ ಮೊದಲಿನಿಂದಲೂ ಇದ್ದಿತು.

ಇಲ್ಲಿ ಒಂದು ಸ್ವಾರಸ್ಯವುಂಟು. 1898ರಲ್ಲಿ ಪ್ಲೇಗಿನ ನಿಜವಾದ ದಾರಿ ಬಹುಮಂದಿಗೆ ತಿಳಿದಿರಲಿಲ್ಲ. ರೋಗದ ಕ್ರಿಮಿಯನ್ನು ಯೆರ್ಸಿನ್ ಎಂಬ ವೈದ್ಯನು ಹಾಂಗ್‌ಕಾಂಗಿನಲ್ಲಿ 1894ರಲ್ಲಿ ಕಂಡಿದ್ದನು. ಇಲಿಯಿಂದ ಚಿಗಟ, ಚಿಗಟದಿಂದ ಮನುಷ್ಯ ಎಂಬ ಸಂಬಂಧವನ್ನು ಸಿಮೊಂ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿಯೇ. ಲೋಕ ಅದನ್ನು ಒಪ್ಪಲು ಮತ್ತೂ ಕೆಲವು ವರ್ಷಗಳು ಬೇಕಾದವು. ಬಡಾವಣೆ ಹಾಕಿದವರ ಕಾಲದಲ್ಲಿ ಬಹುಮಂದಿ ನಂಬಿದ್ದುದು ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು. ಕಾರಣ ತಪ್ಪಾದರೂ ಕೆಲಸ ಸರಿಯಾಯಿತು. ಧಾನ್ಯದ ಮಂಡಿಗಳಿಂದ ದೂರವಾದ ಮನೆಗೆ ಇಲಿಯ ಕಾಟ ಕಡಿಮೆ. ಗೋಡೆಗೆ ಗೋಡೆ ಅಂಟದಿದ್ದರೆ ಇಲಿ ಮನೆಯಿಂದ ಮನೆಗೆ ದಾಟುವುದೂ ಕಷ್ಟ. ಬೆಳಕಿರುವ ಕೋಣೆಯಲ್ಲಿ ಬಿಲ ಕಣ್ಣಿಗೆ ಬೀಳುತ್ತದೆ. ಒಳ್ಳೆಯ ನೆಲ, ಗಾಳಿ, ನೀರು, ಚರಂಡಿ — ಇವನ್ನು ನೋಡಿ ಆರಿಸಿದ ಕೇರಿ, ನಾವು ಊಹಿಸದ ಆಪತ್ತಿನಿಂದಲೂ ನಮ್ಮನ್ನು ಕಾಯಬಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಆದರೆ ಈ ಕಥೆಯ ಇನ್ನೊಂದು ಮುಖವನ್ನು ಮರೆಮಾಡಿದರೆ ಚರಿತ್ರೆಗೆ ಅಪಚಾರವಾದೀತು. ಆರಿಸುವ ಭಾಗ್ಯ ಎಲ್ಲರಿಗೂ ಇರಲಿಲ್ಲ. ಕಚೇರಿಯ ನೌಕರ, ವಕೀಲ, ಉಪಾಧ್ಯಾಯ — ತಿಂಗಳ ಸಂಬಳವೋ ಕೈಯಲ್ಲಿ ವಿದ್ಯೆಯೋ ಇದ್ದವರು ಬಡಾವಣೆಗೆ ಹೋಗಬಲ್ಲವರಾಗಿದ್ದರು. ಬಳೆಗಾರನೂ ಗಾಣಿಗನೂ ಗಿರಾಕಿಯನ್ನು ಬಿಟ್ಟು ಹೋದರೆ ಉಣ್ಣುವುದೇನು? ಮಾರಿ ಅಡಗಿದ ಮೇಲೆ ಅವರು ಗುಡಿಸಲು ಕಿತ್ತು ಮತ್ತೆ ಪೇಟೆಗೇ ಬಂದರು. ಅದು ಅವರ ಅವಿವೇಕವಲ್ಲ, ಅನ್ನದ ಲೆಕ್ಕ. ಹೊಸ ಬಡಾವಣೆಗಳಲ್ಲಿಯೂ ಬೇರೆ ಬೇರೆ ಜಾತಿಗಳಿಗೆಂದು ಬೇರೆ ಬೇರೆ ಭಾಗಗಳನ್ನು ಗುರುತಿಸಿದ್ದರು. ರಸ್ತೆ ಅಗಲವಾಯಿತು, ಮನಸ್ಸು ಅಷ್ಟು ಅಗಲವಾಗಲಿಲ್ಲ. ಹಿತ್ತಲ ಗಲ್ಲಿಯಲ್ಲಿ ತಲೆಯ ಮೇಲೆ ಹೊಲಸನ್ನು ಹೊತ್ತು ನಡೆದವರಿಂದಲೇ ಮುಂಬೀದಿಯ ಆರೋಗ್ಯ ಉಳಿಯಿತು. ಆ ಮುಂಬೀದಿಯಲ್ಲಿ ಅವರಿಗೆ ಮನೆ ಇರಲಿಲ್ಲ.

ಕೇರಿ ಕೇವಲ ನೆಲವಲ್ಲ. ಕಾಲಕ್ರಮದಲ್ಲಿ ಅದಕ್ಕೊಂದು ಸ್ವಭಾವ ಬರುತ್ತದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೆ ಚಾಮರಾಜಪೇಟೆಯಲ್ಲಿ ಮನೆಯಾಯಿತು. 1917ರಲ್ಲಿ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು, 1945ರಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ನಿವೇಶನದ ನಕ್ಷೆಯಲ್ಲಿ ಇವು ಯಾವುವೂ ಇರಲಿಲ್ಲ. ನಾಲ್ಕು ಮಂದಿ ನಿಂತು ಮಾತನಾಡಲು ನೆರಳು, ನಡೆದು ಹೋಗಲು ದಾರಿ ಇದ್ದುದರಿಂದ ಬೆಳೆದವು.

ಹಳೆಯ ಕಥೆಯನ್ನು ಈಗೇಕೆ ಹೇಳಬೇಕು? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ, ಬೆಳ್ಳಂದೂರಿನ ಸುತ್ತಮುತ್ತ, ಕೋಟಿಗಟ್ಟಲೆ ಬೆಲೆಯ ಮನೆಗಳೊಳಗೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಗೆ ತಂದರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹೊರವಲಯದ ಎಷ್ಟೋ ಬಡಾವಣೆಗಳು ಟ್ಯಾಂಕರಿನ ದಾರಿ ಕಾದವು. ಒಂದು ಋತುವಿನಲ್ಲಿ ನೀರು ಹೆಚ್ಚು, ಇನ್ನೊಂದರಲ್ಲಿ ನೀರೇ ಇಲ್ಲ. ಕೆರೆಯಿಂದ ಕೆರೆಗೆ ಹರಿಯುತ್ತಿದ್ದ ಕಾಲುವೆಯನ್ನು ಮುಚ್ಚಿದರೆ ಎರಡೂ ಕಷ್ಟಗಳಿಗೆ ಒಟ್ಟಿಗೆ ಬಾಗಿಲು ತೆರೆದಂತೆಯೇ ಸರಿ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಆದರೆ ಮಳೆಯ ನೀರು ತನ್ನ ಹಳೆಯ ದಾರಿಯನ್ನು ಮರೆತಿಲ್ಲ.

ಆದ್ದರಿಂದ ಮನೆ ಕೊಳ್ಳಹೊರಟವರು ಮೊದಲು ಮನೆಯೊಳಕ್ಕೆ ಹೋಗದೆ ಕೇರಿಯನ್ನು ಒಮ್ಮೆ ಸುತ್ತಿ ಬರುವುದು ಲೇಸು. ಜೋರು ಮಳೆ ಬಂದ ಮರುದಿನ ಹೋಗುವುದು ಇನ್ನೂ ಲೇಸು. ಅಲ್ಲಿಯ ಹಳೆಯ ಊರಿನ ಹಿರಿಯರೊಬ್ಬರನ್ನು ಕಂಡು, ‘ಯಜಮಾನರೇ, ಈ ಜಾಗಕ್ಕೆ ಹಿಂದೆ ಏನೆಂದು ಹೆಸರಿತ್ತು?’ ಎಂದು ಕೇಳಬೇಕು. ಕೆರೆಯಂಗಳವೋ ತೋಟವೋ ದಿಣ್ಣೆಯೋ ಎಂಬುದನ್ನು ಹಳೆಯ ಹೆಸರು ಹೇಳಿಬಿಡುತ್ತದೆ. ನಲ್ಲಿಯಲ್ಲಿ ಬರುವ ನೀರು ಎಲ್ಲಿಯದು, ಬೇಸಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಅಕ್ಕಪಕ್ಕದ ಗೃಹಿಣಿಯರನ್ನು ವಿಚಾರಿಸಬೇಕು. ದುಡಿಮೆಯ ಜಾಗಕ್ಕೆ ಹೋಗಿಬರಲು ದಿನದಲ್ಲಿ ಎಷ್ಟು ಹೊತ್ತು ಕಳೆಯುತ್ತದೆಂಬ ಲೆಕ್ಕವನ್ನು ಪೇಟೆಯ ಗಾಣಿಗನು ಹಾಕಿದಂತೆ ಹಾಕಬೇಕು.

ಕಡೆಯ ಪ್ರಶ್ನೆಯೊಂದುಂಟು. ಆ ಕೇರಿಯನ್ನು ಗುಡಿಸುವವರು, ಅಲ್ಲಿಗೆ ಸೊಪ್ಪು ಹಾಲು ತರುವವರು, ಅಲ್ಲಿಯ ಮನೆಗಳಲ್ಲಿ ಕೆಲಸ ಮಾಡುವವರು ಎಲ್ಲಿ ವಾಸಿಸುತ್ತಾರೆ? ಅವರಿರುವ ಜಾಗದಲ್ಲಿ ಚರಂಡಿ ಇದೆಯೆ? 1898ರ ಪ್ಲೇಗು ಪೇಟೆಯ ಬಡವನ ಕೋಣೆಯಲ್ಲಿ ನಿಲ್ಲಲಿಲ್ಲ, ಊರಿಗೆಲ್ಲ ಹರಡಿತು. ಪಕ್ಕದ ಕೇರಿ ಕೆಟ್ಟಿರುವಾಗ ನಮ್ಮದೊಂದು ಒಳ್ಳೆಯ ಕೇರಿಯೆಂದು ನಂಬಿ ಹಣ ಹಾಕುವುದು ಅಂದು ಜಾಣತನವಾಗಿರಲಿಲ್ಲ, ಇಂದೂ ಅಲ್ಲ.