ಬೋಡಿ: ಒಂದು ಚಿನ್ನದ ಊರಿನ ಏಳುಬೀಳು

ನದಿಯ ದಡದಲ್ಲಿ ಹುಟ್ಟಿದ ಊರುಗಳುಂಟು. ಸಂತೆಯ ಸುತ್ತ ಬೆಳೆದ ಊರುಗಳುಂಟು. ಭೂಗರ್ಭದ ಒಂದೇ ಲೋಹವನ್ನು ನೆಚ್ಚಿ ತಲೆಯೆತ್ತಿ, ಅದು ಬರಿದಾದೊಡನೆ ಸೊರಗಿದ ಊರುಗಳೂ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪೂರ್ವದಂಚಿನಲ್ಲಿರುವ ಬೋಡಿ ಈ ಬಗೆಯದು.

ಸಿಯೆರಾ ನೆವಾಡಾ ಪರ್ವತಗಳ ಪೂರ್ವಕ್ಕೆ, 8,300 ಅಡಿಗಳಿಗೂ ಮಿಗಿಲಾದ ಎತ್ತರದ ಬೋಳುಗುಡ್ಡಗಳ ನಡುವೆ, 1859ರಲ್ಲಿ ಬೋಡಿ ಎಂಬಾತನು ಚಿನ್ನವನ್ನು ಕಂಡನು. ಆ ಚಳಿಗಾಲದಲ್ಲಿಯೇ ಹಿಮಪಾತಕ್ಕೆ ಸಿಲುಕಿ ಅಸುನೀಗಿದನು. ಊರಿಗೆ ಹೆಸರಾದವನಿಗೆ ಊರನ್ನು ನೋಡುವ ಭಾಗ್ಯವಿರಲಿಲ್ಲ. 1870ರ ದಶಕದ ಮಧ್ಯದಲ್ಲಿ ಗಣಿಯೊಂದು ಕುಸಿದು ಸಮೃದ್ಧವಾದ ಅದಿರು ಹೊರಬಿದ್ದಿತು. ಸ್ಟ್ಯಾಂಡರ್ಡ್ ಕಂಪನಿಯು ಆ ಗಣಿಯಿಂದ ಸುಮಾರು 25 ವರ್ಷಗಳಲ್ಲಿ ಒಂದೂವರೆ ಕೋಟಿ ಡಾಲರುಗಳಷ್ಟು ಸಂಪತ್ತನ್ನು ತೆಗೆಯಿತು. ವಾರ್ತೆ ಹಬ್ಬಿತು, ಜನ ನೆರೆದರು. 1880ರ ವೇಳೆಗೆ ಅಲ್ಲಿ ಏಳೆಂಟು ಸಾವಿರ ಜನರಿದ್ದರೆಂದು ಅಂದಾಜು.

ಆದರೆ ಹೊಟ್ಟೆಗೆ ಬೇಕಾದ ಧಾನ್ಯವಾಗಲಿ, ಮನೆಗೆ ಬೇಕಾದ ಮರವಾಗಲಿ ಆ ಚಳಿಯ ನೆಲದಲ್ಲಿ ದೊರೆಯುತ್ತಿರಲಿಲ್ಲ. ಎಲ್ಲವೂ ಹೊರಗಿನಿಂದ ಬರಬೇಕಾಗಿತ್ತು. ಮರವನ್ನೂ ಸೌದೆಯನ್ನೂ ತರಲೆಂದೇ 1881ರಲ್ಲಿ ಮೋನೊ ಸರೋವರದಾಚೆಯ ಕಾಡಿಗೆ ರೈಲುಮಾರ್ಗವನ್ನು ಹಾಕಿದರು. ವಿಪರ್ಯಾಸವೆಂದರೆ, ಅಷ್ಟರಲ್ಲಿಯೇ ಇಳಿಗಾಲವು ಆರಂಭವಾಗಿತ್ತು. ಹಲವು ಕಂಪನಿಗಳು ಷೇರು ಮಾರಿ ತೋಡಿದ ಗಣಿಗಳಲ್ಲಿ ಲಾಭ ತರುವಷ್ಟು ಅದಿರು ಸಿಗಲಿಲ್ಲ. ಕೆಲಸಗಾರರು ಅರಿಜೋನಾದ ಟೂಂಬ್‌ಸ್ಟೋನ್, ಮೊಂಟಾನಾದ ಬ್ಯೂಟ್ ಮೊದಲಾದ ಹೊಸ ಗಣಿಯೂರುಗಳತ್ತ ನಡೆದರು.

ಅಳಿದುಳಿದವರು ಕೈಕಟ್ಟಿ ಕುಳಿತವರಲ್ಲ. 1890ರ ದಶಕದಲ್ಲಿ 13 ಮೈಲಿ ದೂರದ ಹಳ್ಳದ ನೀರಿನಿಂದ ವಿದ್ಯುತ್ತನ್ನು ಪಡೆದು ಅದಿರು ಕುಟ್ಟುವ ಯಂತ್ರಗಳನ್ನು ನಡೆಸಿದರು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸುವುದು ಆಗ ಅಪೂರ್ವವಾಗಿತ್ತು. ಹಿಂದೆ ಎಸೆದಿದ್ದ ಪುಡಿಯಿಂದಲೂ ಸಯನೈಡ್ ವಿಧಾನದಿಂದ ಚಿನ್ನವನ್ನು ಹಿಂಡಿದರು. ಜಾಣ್ಮೆಯು ಅವನತಿಯನ್ನು ತಡಮಾಡಿತು; ತಡೆಯಲಾರದೆ ಹೋಯಿತು. 1917ರಲ್ಲಿ ರೈಲು ನಿಂತಿತು. 1932ರ ಬೆಂಕಿಯು ಊರಿನ ಬಹುಭಾಗವನ್ನು ನುಂಗಿತು. 1942ರಲ್ಲಿ, ಯುದ್ಧಕ್ಕೆ ಅನಗತ್ಯವಾದ ಚಿನ್ನದ ಗಣಿಗಳನ್ನು ಮುಚ್ಚಬೇಕೆಂಬ ಸರಕಾರದ ಆಜ್ಞೆಯಿಂದ ಕೊನೆಯ ಗಣಿಯೂ ನಿಂತಿತು.

1962ರಲ್ಲಿ ಬೋಡಿಯು ರಾಜ್ಯದ ಚಾರಿತ್ರಿಕ ಉದ್ಯಾನವಾಯಿತು. ಉಳಿದಿರುವ ನೂರಕ್ಕೂ ಮಿಕ್ಕ ಕಟ್ಟಡಗಳನ್ನು ಹೊಸದಾಗಿಸದೆ, ಬೀಳಗೊಡದೆ, ಇದ್ದಂತೆಯೇ ಕಾಪಾಡುತ್ತಿದ್ದಾರೆ. ಕಿಟಕಿಯಿಂದ ಇಣುಕಿದರೆ ಮೇಜು, ಪಾತ್ರೆ, ಹಾಸಿಗೆಗಳು ಕಾಣುತ್ತವೆ, ಅವನ್ನು ಬಳಸುವವರಿಲ್ಲ. ನೆಲದಿಂದ ತೆಗೆದ ಸಂಪತ್ತಿನ ಒಂದಂಶವನ್ನಾದರೂ ಮತ್ತೊಂದು ಜೀವನೋಪಾಯಕ್ಕೆ ತೊಡಗಿಸದ ಊರಿಗೆ ಗಣಿಯ ಆಯುಷ್ಯವೇ ತನ್ನ ಆಯುಷ್ಯವಾಗುತ್ತದೆ. ಬೋಡಿಯ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇದನ್ನೇ.