ಹಡಗಿನ ನಾತ, ಟೋಪಾಸನ ಪೊರಕೆ

ಹಡಗಿನ ಶೌಚಾಲಯವನ್ನು ಇಂಗ್ಲಿಷ್ ನಾವಿಕರು ಇಂದಿಗೂ 'ಹೆಡ್' ಎಂದೇ ಕರೆಯುತ್ತಾರೆ. ತಲೆಗೂ ಅದಕ್ಕೂ ಏನು ನಂಟು ಎಂದು ಕೇಳಿದರೆ ಉತ್ತರ ಗಾಳಿಯಲ್ಲಿದೆ. ಚೌಕ ಹಾಯಿಯ ಹಳೆಯ ಹಡಗುಗಳು ಹೆಚ್ಚಾಗಿ ಹಿಂದಿನಿಂದ ಬೀಸುವ ಗಾಳಿಯನ್ನು ನಂಬಿ ಸಾಗುತ್ತಿದ್ದವು. ಹಾಗಾಗಿ ಶೌಚದ ಜಾಗ ಹಡಗಿನ ಮೂತಿಯಲ್ಲಿದ್ದರೆ ನಾತ ಮುಂದಕ್ಕೆ ಹಾರಿಹೋಗುತ್ತಿತ್ತು, ಜನರಿರುವ ಕಡೆ ತಿರುಗುತ್ತಿರಲಿಲ್ಲ. ತೂತು ಕೊರೆದ ಹಲಗೆ, ಕೆಳಗೆ ಕಡಲು, ತೊಳೆಯಲು ಅಲೆ. ನೂರಾರು ನಾವಿಕರಿಗೆ ಇಂಥ ಕೆಲವೇ ಪೀಠಗಳು. ಅಧಿಕಾರಿಗಳಿಗೆ ಮಾತ್ರ ಹಿಂಬದಿಯಲ್ಲಿ, ತಮ್ಮ ಕೋಣೆಗಳಿಗೆ ಹೊಂದಿಕೊಂಡ ಮರೆಯ ಜಾಗ.

ಬಿರುಗಾಳಿಯ ರಾತ್ರಿ ಮೂತಿಯ ತನಕ ಹೋಗುವುದೆಂದರೆ ಪ್ರಾಣದ ಜೊತೆ ಆಟ. ಆಗ ಹಡಗಿನೊಳಗಿನ ಕತ್ತಲೆ ಮೂಲೆಗಳೇ ಗತಿ. ಅಲ್ಲಿನ ಹೊಲಸು ಜಿನುಗಿ ತಳದಲ್ಲಿ ನಿಂತ ನೀರನ್ನು ಸೇರಿ ಕೊಳೆಯುತ್ತಿತ್ತು. ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆ ಎಂದು ನಂಬಿದ್ದ ಕಾಲವದು. ನಾವಿಕರ ಆರೋಗ್ಯದ ಬಗ್ಗೆ ಜೇಮ್ಸ್ ಲಿಂಡ್ ಎಂಬ ವೈದ್ಯ 1757ರಲ್ಲಿ ಪುಸ್ತಕವನ್ನೇ ಬರೆದ. ಕ್ಯಾಪ್ಟನ್ ಕುಕ್ ತನ್ನ ಹಡಗಿನ ಒಳಭಾಗವನ್ನು ಬೆಂಕಿ ಹಾಕಿ ಒಣಗಿಸಿ, ಹೊಗೆ ಹಾಕಿಸುತ್ತಿದ್ದ. ನಂಬಿಕೆ ತಪ್ಪಾಗಿದ್ದರೂ ಶುಚಿತ್ವದ ಹಟ ಜೀವಗಳನ್ನು ಉಳಿಸಿತು. ನಾವಿಕರ ಆರೋಗ್ಯ ಕಾಪಾಡಿದ ಬಗೆಯನ್ನು ಕುರಿತ ಬರಹಕ್ಕೆ 1776ರಲ್ಲಿ ರಾಯಲ್ ಸೊಸೈಟಿ ಕುಕ್‌ಗೆ ಕಾಪ್ಲಿ ಪದಕ ಕೊಟ್ಟಿತು.

ಉಗಿಹಡಗು ಬಂದಮೇಲೆ ಗಾಳಿಯ ಲೆಕ್ಕಾಚಾರ ತಲೆಕೆಳಗಾಯಿತು. ಹಡಗು ಗಾಳಿಗೆ ಎದುರಾಗಿಯೂ ಓಡಬಲ್ಲದು. ಮೂತಿಯಲ್ಲಿದ್ದ ನಾತ ಈಗ ಹಿಂದಕ್ಕೆ ಬರುತ್ತದೆ. ಶೌಚಾಲಯಗಳು ಒಳಗೆ ಬಂದವು, ಪೈಪು, ಪಂಪು, ವಾಲ್ವುಗಳೂ ಬಂದವು. ಅವುಗಳೊಡನೆ ಹೊಸದೊಂದು ನಾತವೂ ಬಂತು. ಅದು ಮಲದ್ದಲ್ಲ, ಕಡಲಿನದೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ನೀರು ಪೈಪಿನಲ್ಲಿ ಗಾಳಿಯಾಡದೆ ನಿಂತರೆ ಕೆಲವು ಬ್ಯಾಕ್ಟೀರಿಯಾಗಳು ಆ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಮೇಲಾಗಿ ಮೂತ್ರವೂ ಉಪ್ಪುನೀರೂ ಸೇರಿ ಪೈಪಿನೊಳಗೆ ಸುಣ್ಣದಂಥ ಗಟ್ಟಿ ಪದರ ಕಟ್ಟುತ್ತದೆ. ದೋಣಿ ಇಟ್ಟುಕೊಂಡವರು ಇಂದಿಗೂ ಮಾಡುವ ಉಪಾಯ ಸರಳ: ದಡಕ್ಕೆ ಇಳಿಯುವ ಮೊದಲು ಸಿಹಿನೀರು ಹಾಯಿಸುವುದು, ಆಗಾಗ ವಿನೆಗರ್ ಸುರಿದು ಪದರ ಕರಗಿಸುವುದು, ಮಲದ ಟ್ಯಾಂಕಿಗೆ ಚೆನ್ನಾಗಿ ಗಾಳಿಯಾಡಲು ಬಿಡುವುದು. ಸುಗಂಧ ಸುರಿದರೆ ಎರಡು ವಾಸನೆಗಳಾಗುತ್ತವೆ, ಅಷ್ಟೇ.

ಈ ಪೈಪು, ವಾಲ್ವುಗಳೇ ಒಮ್ಮೆ ಒಂದು ಯುದ್ಧನೌಕೆಯನ್ನು ಮುಳುಗಿಸಿದ್ದೂ ಉಂಟು. 1945ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಬಳಿ ಜರ್ಮನಿಯ ಯು-1206 ಜಲಾಂತರ್ಗಾಮಿಯ ಶೌಚಾಲಯದಿಂದ ಸಮುದ್ರದ ನೀರು ಒಳನುಗ್ಗಿತು. ಆಳದಲ್ಲಿದ್ದಾಗಲೂ ಮಲವನ್ನು ಹೊರತಳ್ಳಬಲ್ಲ ಹೊಸ ಯಂತ್ರ ಅದು. ವಾಲ್ವುಗಳನ್ನು ಸರಿಯಾದ ಕ್ರಮದಲ್ಲಿ ತೆರೆದು ಮುಚ್ಚಲು ತರಬೇತಿಯೇ ಬೇಕಿತ್ತು. ನೀರು ಬ್ಯಾಟರಿಗಳನ್ನು ಮುಟ್ಟಿ ಕ್ಲೋರಿನ್ ಅನಿಲ ಹಬ್ಬಿತು. ನೌಕೆ ಮೇಲೆದ್ದು ಶತ್ರು ವಿಮಾನದ ಕಣ್ಣಿಗೆ ಬಿತ್ತು. ಕೊನೆಗೆ ಸಿಬ್ಬಂದಿಯೇ ಅದನ್ನು ಮುಳುಗಿಸಬೇಕಾಯಿತು.

ಗಾಳಿ, ಅಲೆ, ಪಂಪುಗಳ ಕತೆ ಇಷ್ಟಾಯಿತು. ಪೊರಕೆ ಹಿಡಿದಿದ್ದವರು ಯಾರು? ಬ್ರಿಟಿಷ್ ನೌಕಾಪಡೆಯಲ್ಲಿ ಈ ಕೆಲಸದ ನಾವಿಕನಿಗೆ 'ಕ್ಯಾಪ್ಟನ್ ಆಫ್ ದಿ ಹೆಡ್ಸ್' ಎಂಬ ತಮಾಷೆಯ ಬಿರುದಿತ್ತು. ಮುಂಬಯಿ, ಕಲ್ಕತ್ತಾಗಳಿಂದ ಭಾರತೀಯ ಲಸ್ಕರರನ್ನು ಹತ್ತಿಸಿಕೊಂಡು ಹೊರಡುತ್ತಿದ್ದ ಹಡಗುಗಳಲ್ಲಿ ತಮಾಷೆ ಇರಲಿಲ್ಲ. ಮೇಲೆ ಸಾರಂಗ, ಅವನ ಕೆಳಗೆ ಟಿಂಡಾಲ್, ಅಡುಗೆಗೆ ಭಂಡಾರಿ. ಎಲ್ಲರ ಕೆಳಗೆ ಟೋಪಾಸ್. ಗುಡಿಸುವುದು, ಶೌಚಾಲಯ ತೊಳೆಯುವುದು ಅವನ ಪಾಲು.

ಆ ಪದದ ಪಯಣ ವಿಚಿತ್ರ. ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ಪೋರ್ಚುಗೀಸ್ ಮೂಲ ಹೇಳಿಕೊಳ್ಳುತ್ತಿದ್ದ ಕಪ್ಪು ಮೈಬಣ್ಣದ ಕ್ರೈಸ್ತ ಸೈನಿಕರಿಗೆ ಟೋಪಾಸ್ ಎನ್ನುತ್ತಿದ್ದರು. ಟೋಪಿಯಿಂದ ಬಂದ ಪದ ಎನ್ನುವವರಿದ್ದಾರೆ, ದುಭಾಷಿಯಿಂದ ಎನ್ನುವವರಿದ್ದಾರೆ, ತೋಪು ಹಾರಿಸುವ 'ತೋಪ್ಚಿ'ಯಿಂದ ಎನ್ನುವವರೂ ಇದ್ದಾರೆ. ಕೋವಿ ಹಿಡಿದವನ ಹೆಸರು ಕ್ರಮೇಣ ಪೊರಕೆ ಹಿಡಿದವನಿಗೆ ಅಂಟಿತು. ಮುಂದೆ ಈ ಕೆಲಸಕ್ಕೆ ಸೇರಿದವರು ಹೆಚ್ಚಾಗಿ ಊರಿನಲ್ಲೂ ಅದೇ ಕೆಲಸಕ್ಕೆ ದೂಡಲ್ಪಟ್ಟ ಜಾತಿಗಳವರು. ರಾಯಲ್ ಇಂಡಿಯನ್ ನೇವಿಯಲ್ಲಂತೂ 'ಟೋಪಾಸ್' ಎಂಬುದು ಅಧಿಕೃತ ಹುದ್ದೆಯೇ ಆಯಿತು.

ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂದು ನಮ್ಮ ಹಿರಿಯರು ಹೆದರಿದ್ದರು. ಟೋಪಾಸ್ ಎಷ್ಟೋ ಸಮುದ್ರಗಳನ್ನು ದಾಟಿದ. ಅವನ ಜಾತಿ ಮಾತ್ರ ಹನಿಯಷ್ಟೂ ಕರಗಲಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟರೆ ಹಳೆಯ ಗುರುತುಗಳೆಲ್ಲ ಹಿಂದೆ ಉಳಿಯುತ್ತವೆ ಎಂದುಕೊಳ್ಳುವ ನಮ್ಮಂಥ ವಲಸಿಗರು ನೆನಪಿಡಬೇಕಾದ ಸಂಗತಿ ಇದು.

2003ರಿಂದ ಮಾರ್ಪೋಲ್ ಒಪ್ಪಂದದ ನಾಲ್ಕನೇ ಅನುಬಂಧ ಜಾರಿಯಲ್ಲಿದೆ. ಅದರಂತೆ ದೊಡ್ಡ ಹಡಗುಗಳು ಸಂಸ್ಕರಿಸದ ಮಲಿನ ನೀರನ್ನು ದಡದಿಂದ 12 ನಾಟಿಕಲ್ ಮೈಲಿಯೊಳಗೆ ಬಿಡುವಂತಿಲ್ಲ. ಕಡಲಿನ ಮಾನವನ್ನು ಕಾಯಲು ಕಾನೂನು ಬಂತು. ನೆಲದ ಮೇಲೆ, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 2013ರಲ್ಲಿ ನಮ್ಮ ದೇಶದಲ್ಲೂ ಕಾನೂನು ಬಂದಿದೆ. ಆದರೂ ನಾವು ಬಾಡಿಗೆಗಿರುವ ಇದೇ ಮುಂಬಯಿ, ದೆಹಲಿ, ಚೆನ್ನೈಗಳಲ್ಲಿ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಬರುತ್ತಲೇ ಇರುತ್ತದೆ. ಅವರನ್ನು ಕೊಲ್ಲುವುದು ಹೆಚ್ಚಾಗಿ ಹಡಗಿನ ಪೈಪಿನಲ್ಲಿ ನಾರುವ ಅದೇ ಹೈಡ್ರೋಜನ್ ಸಲ್ಫೈಡ್.